ತಲೆದೂಗುವ ಕೂಲಿ

"ನನ್ನ ಹಾಡನ್ನು ಜನರಿಗೆ ಮುಟ್ಟಿಸಲು ಹಣ ಕೊಡಬಹುದೇ, ಗುರುಗಳೇ?" ಎಂದು ಚಂಪಾವತಿ ಕೇಳಿದಳು.

ಅವಳು ತಾನೇ ಹಾಡಿ, ತಾನೇ ಧ್ವನಿಮುದ್ರಿಸಿ ಅಂತರ್ಜಾಲಕ್ಕೆ ಹಾಕಿದ ಹಾಡುಗಳನ್ನು ಒಂದು ವರ್ಷದಲ್ಲಿ ನೂರು ಮಂದಿಯೂ ಕೇಳಿರಲಿಲ್ಲ. ಪ್ರಚಾರದ ಕಂಪನಿಯೊಂದು ಒಂದೇ ತಿಂಗಳಲ್ಲಿ ಐವತ್ತು ಸಾವಿರ ಕೇಳುಗರನ್ನು ತಂದುಕೊಡುವುದಾಗಿ ಹೇಳಿತ್ತು. ಹೊಸ ತಂಬೂರಿಗೆಂದು ಕೂಡಿಟ್ಟ ಹಣ ಅವಳ ಬಳಿ ಇತ್ತು. ಇದೂ ಆಗದಿದ್ದರೆ ಹಾಡುವುದನ್ನೇ ಬಿಟ್ಟುಬಿಡೋಣ ಎನ್ನುವಷ್ಟು ಅವಳು ನೊಂದಿದ್ದಳು.

ಈರಯ್ಯ ಗವಾಯಿಗಳು ಕತೆ ಹೇಳತೊಡಗಿದರು.

ಒಂದು ಪಟ್ಟಣದಲ್ಲಿ ಒಬ್ಬ ವೀಣೆಗಾರನಿದ್ದ. ಚೆನ್ನಾಗಿಯೇ ನುಡಿಸುತ್ತಿದ್ದ. ಆದರೆ ಮನೆಯ ಬೆಕ್ಕು ಬಿಟ್ಟರೆ ಕೇಳುವವರಿರಲಿಲ್ಲ. ಡಂಗುರದವನಿಗೆ ಕೂಲಿ ಕೊಟ್ಟು ಬೀದಿಬೀದಿಯಲ್ಲಿ ಸಾರಿಸಿದ. ಹತ್ತು ಜನ ಚಾವಡಿಗೆ ಬಂದರು. ಆಲಾಪನೆ ಉದ್ದವಾಯಿತೆಂದು ಆರು ಮಂದಿ ಎದ್ದುಹೋದರು. ನಾಲ್ವರು ಕೊನೆಯವರೆಗೂ ಕೂತರು. ಎದ್ದುಹೋದ ಆರು ಮಂದಿ ವೀಣೆಗಾರನ ಮನಸ್ಸನ್ನು ರಾತ್ರಿಯಿಡೀ ಕೊರೆದರು. ಕೂತ ನಾಲ್ವರು ಲೆಕ್ಕಕ್ಕೇ ಬರಲಿಲ್ಲ. ಮನುಷ್ಯನ ಬುದ್ಧಿಯೇ ಅಷ್ಟು.

ಡಂಗುರದವನು ಹೇಳಿದ, "ಸ್ವಾಮಿ, ಸಾರುವುದಕ್ಕೆ ಒಂದು ಕೂಲಿ. ಅದರ ಐದು ಪಟ್ಟು ಕೊಟ್ಟರೆ ಚಾವಡಿ ತುಂಬಿಸಿಕೊಡುತ್ತೇನೆ. ಒಬ್ಬನೂ ಏಳುವುದಿಲ್ಲ."

ಮುಂದಿನ ವಾರ ಚಾವಡಿ ಕಿಕ್ಕಿರಿದಿತ್ತು. ಕೂತವರೆಲ್ಲ ಕೂಲಿಗೆ ಬಂದವರು. ಜನ ಎಲ್ಲಿ ತಲೆದೂಗುತ್ತಾರೋ ಅದನ್ನು ಇನ್ನೊಮ್ಮೆ ನುಡಿಸುವುದು ಆ ಊರಿನ ವೀಣೆಗಾರರ ರೂಢಿ. ನಡುವೆ ಒಂದು ತಂತಿ ಇಳಿದು ಸ್ವರ ತಪ್ಪಿತು. ತಲೆಗಳು ಆಗಲೂ ತೂಗಿದವು. "ಭಲೆ!" ಎಂದರು. ವೀಣೆಗಾರ ತಪ್ಪಿದ್ದನ್ನೇ ಇನ್ನೊಮ್ಮೆ ನುಡಿಸಿದ. ಇಷ್ಟು ಜನ ಮೆಚ್ಚಿದ್ದು ತಪ್ಪಾದೀತೇ ಎಂದುಕೊಂಡ. ಹೊಗಳಿ ಅಟ್ಟಕ್ಕೇರಿಸುವಾಗ ಕೆಳಗೆ ನೋಡುವವರು ಕಡಿಮೆ. ಹೀಗೇ ವಾರಗಳು ಕಳೆದವು. ಬೆರಳಿಗೆ ತಪ್ಪೇ ಅಭ್ಯಾಸವಾಯಿತು.

ಐದನೆಯ ವಾರ ನುಡಿಸಿ ಹೊರಗೆ ಬಂದಾಗ ಜಗಲಿಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಮೊದಲ ದಿನ ಕೊನೆಯವರೆಗೂ ಕೇಳಿದ ನಾಲ್ವರಲ್ಲಿ ಅವಳೂ ಒಬ್ಬಳು.

"ನಿನ್ನ ಸ್ವರ ಕೆಟ್ಟು ಐದು ವಾರವಾಯಿತಲ್ಲೋ, ಮಗಾ" ಎಂದಳು.

ಅವಳು ಹೇಳಿದ್ದು ನಿಜವೆಂದು ವೀಣೆಗಾರನ ಕಿವಿಗೆ ಗೊತ್ತಿತ್ತು. "ಒಳಗೆ ಬಂದು ಅಂದೇ ಹೇಳಬಾರದಿತ್ತೇ, ಅವ್ವಾ?" ಎಂದು ಕೇಳಿದ.

"ವಾರ ವಾರವೂ ಬಂದೆ. ನನಗೆ ಕೂರಲು ಜಾಗ ಎಲ್ಲಿತ್ತು?"

ಗವಾಯಿಗಳು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಹಣ ಕೊಡಲೇಬಾರದು ಅನ್ನುತ್ತೀರಾ?" ಎಂದು ಚಂಪಾವತಿ ಮೆಲ್ಲಗೆ ಕೇಳಿದಳು.

"ಕರೆಯುವವನಿಗೆ ಕೊಡು, ತಾಯಿ, ಎದ್ದುಹೋಗದಿರಲೆಂದು ಯಾರಿಗೂ ಕೊಡಬೇಡ."