ದೊರೆಯ ಹೊಟ್ಟೆ ಕದ್ದ ಬೆಂಕಿ

ಯಾವಾಗಲೋ ಒಂದು ಕಾಲ, ಎಲ್ಲೋ ಒಂದೂರು. ಆ ಊರಿಗೊಬ್ಬ ದೊರೆ ಇದ್ದನಂತೆ. ದೊರೆಗಿಂತ ಮುಂಚೆ ಅವನ ಹೊಟ್ಟೆ ಓಲಗಕ್ಕೆ ಬರುತ್ತಿತ್ತಂತೆ. ಅಡ್ಡ ಅಳೆದರೆ ಬರೋಬ್ಬರಿ ಹನ್ನೆರಡು ಗೇಣು! ನಗಬೇಡ್ರಪಾ, ಅವನಿಗೆ ಅದೇ ದೊಡ್ಡ ಹೆಮ್ಮೆ.

ಬಚ್ಚಲುಮನೆ ಗೋಡೆಗೆ ಬಣ್ಣದ ಬಿಲ್ಲೆಗಳಲ್ಲಿ ತನ್ನ ಚಿತ್ರ ಕೂರಿಸಬೇಕು, ಹೊಟ್ಟೆ ಇದ್ದಷ್ಟೇ ಇರಬೇಕು ಅಂತ ಕುಂಬಾರಗಿತ್ತಿ ಬಾಳವ್ವನಿಗೆ ಅಪ್ಪಣೆಯಾಯಿತು. ಬಾಳವ್ವ ಕೆರೆಮಣ್ಣು ತಂದು, ತುಳಿದು, ಚೌಕ ಚೌಕ ಬಿಲ್ಲೆ ಕೊಯ್ದಳು. ನೆರಳಲ್ಲಿ ಆರಿಸಿದಳು. ಬಣ್ಣ ಬರೆದು, ಮೇಲೆ ಗಾಜಿನ ಪುಡಿ ಕಲಸಿದ ನೀರು ಬಳಿದು, ಮಡಕೆ ಸುಡುವ ಆವಿಗೆಯೊಳಗೆ ಜೋಡಿಸಿ ಬೆಂಕಿ ಕೊಟ್ಟಳು. ಬೂದಿ ಬಣ್ಣದಲ್ಲಿ ಒಳಗೆ ಹೋದದ್ದು ನವಿಲಿನ ನೀಲಿಯಾಗಿ ಹೊರಗೆ ಬಂತು. ಕಂಡವರೆಲ್ಲ ಆಹಾ ಅಂದರು. ಮಂತ್ರಿ ಅಳೆದು ನೋಡಿದ. ಹೊಟ್ಟೆ ಹನ್ನೊಂದೇ ಗೇಣು!

“ನನ್ನ ಒಂದು ಗೇಣು ಹೊಟ್ಟೆ ಎಲ್ಲಿ ಹೋತು?” ದೊರೆ ಗುಡುಗಿದ.

“ದೊರೀ, ಮಣ್ಣಿನ ನೀರನ್ನ ಬೆಂಕಿ ಹೀರತೈತ್ರೀ, ಮಣ್ಣು ಕುಗ್ಗತೈತಿ,” ಅಂದಳು ಬಾಳವ್ವ. “ಈ ಸಲ ಹದಿಮೂರು ಗೇಣು ಮಾಡ್ತೀನಿ. ಬೆಂದು ಹನ್ನೆರಡಾಗತೈತಿ.”

“ಹದಿಮೂರಾ? ನನ್ನ ದಪ್ಪ ಅಂತ ಆಡಿಕೊಳ್ತೀಯಾ? ಒಳಗೆ ಹೋಗೋದೂ ಹನ್ನೆರಡು, ಹೊರಗೆ ಬರೋದೂ ಹನ್ನೆರಡು. ತಪ್ಪಿದರೆ ನಿನ್ನ ತಲೆ ಇರೂದಿಲ್ಲ!”

ಬಾಳವ್ವ ಮತ್ತೆ ಮಣ್ಣು ತುಳಿದಳು. ಹನ್ನೆರಡು ಗೇಣಿನ ಹೊಟ್ಟೆಯನ್ನೇ ಬರೆದಳು, ಇನ್ನೇನು ಮಾಡ್ಯಾಳು ಪಾಪ! ಬೆಂಕಿ ಕೊಡುವ ದಿನ ಮಂತ್ರಿ ದೊರೆಯ ಕಿವಿಯಲ್ಲಿ ಉಸುರಿದ: “ಈ ಬೆಂಕಿನೇ ಕಳ್ಳ, ಮಹಾಸ್ವಾಮಿ. ಕಾವಲು ಹಾಕಬೇಕು.”

“ನನ್ನ ಹೊಟ್ಟೆಗೆ ನಾನೇ ಕಾವಲು,” ಅಂದ ದೊರೆ, ಆವಿಗೆಯ ಎದುರಿಗೇ ಸಿಂಹಾಸನ ಹಾಕಿಸಿದ.

ಬಾಳವ್ವ ಹೆದರುತ್ತಲೇ ಹೇಳಿದಳು: “ನಮ್ಮಲ್ಲೊಂದು ಕಟ್ಟಳೆ ಐತ್ರೀ ದೊರೀ. ಆವಿಗೆ ಕಾಯೋರು ಅದರ ಬಾಗಿಲು ತೆಗೆಯೋತನಕ ಅನ್ನ ಮುಟ್ಟಂಗಿಲ್ಲ. ನೀರಷ್ಟೇ.”

“ಆಗಲಿ, ಅದಕ್ಕೇನಂತೆ!”

ಮೂರು ದಿನ ಉರಿ, ಮೂರು ದಿನ ತಣಿವು. ದೊರೆ ಕತ್ತಿ ಹಿರಿದು ಕೂತೇ ಕೂತ. ಬೆವರು ಧಾರಾಕಾರ ಹರಿಯಿತು. ಮೊದಲ ದಿನ ಉಂಗುರ ಜಾರಿತು. ಮೂರನೇ ದಿನ ನಡುಪಟ್ಟಿ ಜಾರಿತು. ಐದನೇ ದಿನ ಕಿರೀಟವೇ ಮೂಗಿನ ತನಕ ಇಳಿಯಿತು. ದೊರೆ ಅದರೊಳಗಿಂದಲೇ “ಕಳ್ಳ ಬಂದನೇನೋ?” ಅಂತ ಕೂಗುತ್ತಿದ್ದನಂತೆ.

ಏಳನೇ ದಿನ ಬಾಗಿಲು ತೆಗೆದರು. ಮಂತ್ರಿ ಅಳೆದ. ಮತ್ತೆ ಹನ್ನೊಂದು ಗೇಣು! ದೊರೆ ಕತ್ತಿ ಎತ್ತಿದ.

“ತಡೀರಿ ದೊರೀ!” ಬಾಳವ್ವ ಕಿರುಚಿದಳು. “ಬಿಲ್ಲೆ ಅಳೆದ್ರಿ, ನಿಮ್ಮನ್ನೂ ಒಮ್ಮೆ ಅಳೀರಲ್ಲ!”

ಅಳೆದರು. ಹನ್ನೊಂದೇ ಗೇಣು. ಒಂದು ಕೂದಲೆಳೆ ಹೆಚ್ಚಿಲ್ಲ, ಕಮ್ಮಿಯಿಲ್ಲ.

ದೊರೆ ಬಿಲ್ಲೆ ನೋಡಿದ, ಹೊಟ್ಟೆ ನೋಡಿದ. “ಇದ್ದಷ್ಟೇ ಐತಿ ಬಿಡು,” ಅಂದು ಕತ್ತಿ ಇಳಿಸಿದ. ಬಾಳವ್ವ “ಬದುಕಿದೆ ನನ್ನವ್ವಾ” ಅಂತ ಅಲ್ಲೇ ಕುಸಿದು ಕೂತು ಗಳಗಳ ಅತ್ತಳು.

ಹಸಿದ ದೊರೆ ಹೋಳಿಗೆ ತರಿಸಿದ. ಬಾಳವ್ವ ಕಣ್ಣೊರೆಸಿಕೊಂಡು ಕೇಳಿದಳು: “ಉಂಡು ಹೊಟ್ಟೆ ಬೆಳೆದರೆ ಚಿತ್ರ ಸುಳ್ಳಾಗತೈತ್ರೀ. ಆವಾಗ ಯಾರ ತಲೆ ತೆಗೀತೀರಿ?” ಮಂತ್ರಿ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡ. ಮರುಗಳಿಗೆಗೆ ದೊರೆಯ ಮುಂದಿದ್ದ ಹೋಳಿಗೆ ತಟ್ಟೆ ಅವನ ಕೈಯಲ್ಲಿತ್ತಂತೆ.

ದೊರೆಗೆ ಅಲ್ಲಿ ಅರೆಹೊಟ್ಟೆ, ನಮಗೆ ಇಲ್ಲಿ ತುಂಬುಹೊಟ್ಟೆ. ಏಳ್ರಿ, ಕಥಿ ಮುಗೀತು.