ಮುದಕಪ್ಪ ಆರಿಸಿ ತಂದ ಕಂಪ್ಯೂಟರ್

ಸಂಡಿಗೆಯಲ್ಲ, ಸಂಡಿಗೆಯ ಜೋಡಿ ಬಿಸಿಲಿಗೆ ಒಣಗಿದೆ. ಕೂಸಲ್ಲ, ಜ್ವರ ಬಂದು ಮಲಗಿದೆ. ರಾಕ್ಷಸನಲ್ಲ, ಇಡೀ ಒಂದು ಮಗ್ಗ ನುಂಗಿದೆ. ಏನದು? ಹೇಳ್ರಿ ನೋಡೂನು.

ಆಗೂದಿಲ್ಲ ಬಿಡ್ರಿ. ಊರ ಹಿರಿಯರೆಲ್ಲ ಕಟ್ಟೆಯ ಮೇಲೆ ಕುಂತು ಯೋಚಿಸಿದರೂ ಆಗೂದಿಲ್ಲ. ಅದು ಮುದಕಪ್ಪ ಆರಿಸಿ ತಂದ ಕಂಪ್ಯೂಟರ್. ನಗಬ್ಯಾಡ್ರಿ. ಈ ಕತೆಯಲ್ಲಿ ಒಬ್ಬ ತಾಯಿ ಇದ್ದಾಳೆ.

ತಾಯಿಯ ಹೆಸರು ಪಾರ್ವತೆವ್ವ. ಊರು ಗುಳೇದಗುಡ್ಡ. ಕೆಲಸ ಕುಪ್ಪಸದ ಖಣ ನೇಯುವುದು. ಗಂಡ ಇಲ್ಲ. ಮನೆಯಲ್ಲಿ ಎರಡು ಮಗ್ಗ, ಇಬ್ಬರು ಮಕ್ಕಳು. ಮಗಳು ಸುಗಲಾ, ಮಗ ಮುದಕಪ್ಪ. ಹೆಸರು ಮುದಕಪ್ಪ ಆದರೂ ಆಗಿನ್ನೂ ಮೀಸೆ ಚಿಗುರುವ ವಯಸ್ಸು. ಅವನ ಗುಣ ಒಂದೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಮ್ಮೆ ತಾಯಿ "ಬಾಗಲಾ ನೋಡ್ಕೊಂಡಿರೋ" ಅಂತ ಹೇಳಿ ಸಂತೆಗೆ ಹೋದಳು. ಹಿತ್ತಲಿಂದ ಆಡು ಬಂದು ಜೋಳದ ಹಿಟ್ಟೆಲ್ಲ ಮೇಯ್ದು ಹೋಯಿತು. ತಾಯಿ ಬಂದು ಬಾಯಿ ಬಾಯಿ ಬಡಕೊಂಡರೆ ಇವನು ಅಂದ, "ಯವ್ವಾ, ಬಾಗಲಾ ಎಲ್ಲೂ ಹೋಗಿಲ್ಲ, ಅಲ್ಲೇ ಐತಿ ನೋಡು."

ಸುಗಲಾ ಹಾಗಲ್ಲ. ಅವಳ ಕೈಯಲ್ಲಿ ಚಿತ್ರ ಇತ್ತು. ಅವ್ವ ನೇಯುವ ಖಣದ ಮೇಲಿನ ನವಿಲನ್ನು ಎಬ್ಬಿಸಿ, ನೂಲಿನ ಎಳೆಯ ಮೇಲೆ ಓಡಿಸಿ, ಹಾರಿಸಿ, ಆಟ ಆಡಿಸುತ್ತಿದ್ದಳು. ಕಾಗದದ ಮೇಲಲ್ಲ, ದಾವಲಸಾಬನ ರಿಪೇರಿ ಅಂಗಡಿಯ ಹಳೇ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರು ಎರಡು ಹೆಜ್ಜೆಗೊಮ್ಮೆ ನಿಂತುಬಿಡುತ್ತಿತ್ತು. ನವಿಲು ಒಂದು ಕಾಲು ಎತ್ತಿದರೆ ಇನ್ನೊಂದು ಕಾಲು ಎತ್ತುವುದರೊಳಗೆ ಚಹಾ ಕುಡಿದು ಬರಬಹುದಿತ್ತು.

ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಆಟ ತಯಾರಿಸುವ ಒಂದು ಕಂಪನಿ. ಅವರು ಸುಗಲಾಗೆ ಹೇಳಿದ್ದರು: ಬಸವ ಜಯಂತಿಯ ಮರುದಿನದೊಳಗೆ ನಿನ್ನ ನವಿಲು ಪೂರಾ ಓಡಬೇಕು, ನಮಗೆ ಮುಟ್ಟಬೇಕು, ನಮ್ಮ ಮನಸ್ಸಿಗೆ ಬಂದರೆ ಕೆಲಸ ಕೊಡುತ್ತೇವೆ, ಮನೆಯಲ್ಲಿ ಕುಂತೇ ಮಾಡು. ಅದೇ ಮರುದಿನ ಹುಬ್ಬಳ್ಳಿಯ ಬಟ್ಟೆ ಹೊಲಿಯುವ ಕಾರ್ಖಾನೆಯ ವ್ಯಾನೂ ಬರುವುದಿತ್ತು. ಓಣಿಯ ಹುಡುಗಿಯರನ್ನು ತುಂಬಿಕೊಂಡು ಹೋಗಿ ಅಲ್ಲೇ ಹಾಸ್ಟೆಲಿನಲ್ಲಿ ಇಟ್ಟುಕೊಳ್ಳುವ ವ್ಯಾನು. ಬೇರೆ ದಾರಿ ಕಾಣದೆ ಪಾರ್ವತೆವ್ವ ಅವರಿಗೂ ಹೂಂ ಅಂದಿದ್ದಳು. ನವಿಲು ಓಡಿದರೆ ಸುಗಲಾ ಮನೆಯಲ್ಲಿ, ಇಲ್ಲದಿದ್ದರೆ ವ್ಯಾನಿನಲ್ಲಿ.

ಹೊಸ ಕಂಪ್ಯೂಟರಿಗೆ ಅಂತ ಪಾರ್ವತೆವ್ವ ಒಂದು ಮಗ್ಗ ಮಾರಿದಳು.

ದಾವಲಸಾಬ ಅಂದ, "ಪಾರ್ವತೆಕ್ಕಾ, ಬೋರ್ಡು, ಟಿವಿಯಂಥಾ ಪರದೆ, ಸಣ್ಣ ಪುಟ್ಟ ಸಾಮಾನು ನನ್ನ ಹತ್ರ ಅದಾವು. ಉಳಿದದ್ದು ಬಾಗಲಕೋಟಿಯಿಂದ ತರಸು. ಅಂಗಡಿಯವಗ ಫೋನ್ ಮಾಡಿರ್ತೀನಿ, ಅವ ತೋರಿಸ್ತಾನ, ನೀವು ಆರಿಸಿ ತರ್ರಿ. ಕೂಡಿಸಿ ಕೊಡೂದು ನನಗ ಬಿಡು."

ಯಾರು ಹೋಗಬೇಕು? ತಾಯಿ ಮಗ್ಗ ಬಿಟ್ಟು ಏಳುವಂತಿಲ್ಲ. ಮಗಳು ನವಿಲು ಬಿಟ್ಟು ಏಳುವಂತಿಲ್ಲ. ಮುದಕಪ್ಪ ಎದ್ದು ನಿಂತ.

ಮೊದಲು ಎಲ್ಲ ಸಾಮಾನು ಕೂಡಿಸುವ ಡಬ್ಬಿ ತರಬೇಕಿತ್ತು. ತಾಯಿಗೆ ಗೊತ್ತಿದ್ದದ್ದು ಖಣ. ಅದನ್ನೇ ಹೇಳಿಕೊಟ್ಟಳು. "ಖಣ ಆರಿಸಿದಂಗ ಆರಿಸೋ. ಬಣ್ಣ ನೋಡು, ಹೊಳಪು ನೋಡು."

"ಹೂಂ ಯವ್ವಾ, ತಿಳೀತು."

ಹೋದ. ನೋಡಿದ. ಕೆಂಪು ಹಸಿರು ದೀಪ ಮಿಣಮಿಣ ಅನ್ನುವ ಡಬ್ಬಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಓಣಿಯ ಹುಡುಗರೆಲ್ಲ ಹಿಂದೆ ಬಂದರು. ದಾವಲಸಾಬ ಬೋರ್ಡು ತಂದು ಒಳಗೆ ಇಡಲು ನೋಡಿದ. ಉದ್ದಕ್ಕೆ ಹಿಡಿದ, ಅಡ್ಡಕ್ಕೆ ಹಿಡಿದ, ಹಿಡಿಸಲಿಲ್ಲ.

"ಇದು ಕುಂಕುಮದ ಭರಣಿ ಆತಲ್ಲೋ ಮುದಕಪ್ಪಾ! ಇದರಾಗ ಏನು ತುರಕಲಿ?"

ತಾಯಿ ಹಣೆ ಬಡಕೊಂಡಳು. "ಏ ಹುಚ್ಚಪ್ಯಾಲಿ! ಬಣ್ಣ ತಗೊಂಡು ನೆಕ್ಕತೀಯೇನು? ದೊಡ್ಡದು ನೋಡಿ ತರಬೇಕೋ, ದೊಡ್ಡದು!"

"ಹೂಂ ಯವ್ವಾ, ಇನ್ನ ತಿಳೀತು."

ಅವನಿಗೆ ತಿಳಿದಿತ್ತು. ತಿಳಿದದ್ದೇ ತ್ರಾಸು.

ಡಬ್ಬಿ ಬದಲಿಸಿ ದೊಡ್ಡದು ತಂದ. ಆಮೇಲೆ ಪ್ರೊಸೆಸರ್ ತರಲು ಹೋದ. ಪ್ರೊಸೆಸರ್ ಅಂದರೆ ಕಂಪ್ಯೂಟರಿನ ತಲೆ. ಅಂಗಡಿಯವ ಒಂದು ಪೆಟ್ಟಿಗೆ ಕೊಟ್ಟ. ಮುದಕಪ್ಪ ಅಲ್ಲೇ ತೆರೆದು ನೋಡಿದ. ಒಂದು ದೊಡ್ಡ ಫ್ಯಾನು. ಪಕ್ಕದಲ್ಲಿ ಬಿಸ್ಕೀಟಿಗಿಂತ ಸಣ್ಣ ಒಂದು ಬಿಲ್ಲೆ.

"ಯಣ್ಣಾ, ಈ ಬಿಲ್ಲಿ ನೀನ ಇಟ್ಕೋ. ನಮ್ಮವ್ವ ದೊಡ್ಡದು ತಾ ಅಂದಾಳ."

"ಏ, ಅದ..." ಅಂದ ಅಂಗಡಿಯವ. ಅಷ್ಟರಲ್ಲಿ ಮುದಕಪ್ಪ ಬಸ್ಸಿನಲ್ಲಿದ್ದ.

ದಾವಲಸಾಬ ಪೆಟ್ಟಿಗೆ ತೆರೆದ. ಫ್ಯಾನು ಎತ್ತಿ ಕೆಳಗೆ ನೋಡಿದ. ಪೆಟ್ಟಿಗೆ ತಲೆಕೆಳಗು ಮಾಡಿ ಬಡಿದ. "ಅಕ್ಕಾ, ಟೊಪಗಿ ತಂದಾನ. ತಲಿ ಅಲ್ಲೇ ಬಿಟ್ಟು ಬಂದಾನ!"

"ಮಬ್ಬಾ! ಸಣ್ಣದರಾಗ ಜೀವ ಇರತೈತೋ! ಇನ್ನ ಮ್ಯಾಲೆ ಸಣ್ಣದು ನೋಡಿ ತಾ. ಎದಿಗೆ ಅವಚಿಕೊಂಡು, ಕೂಸಿನಂಗ ತಾ!" ಅಂದಳು ತಾಯಿ.

"ಹೂಂ ಯವ್ವಾ, ಇನ್ನ ತಿಳೀತು."

ಬಿಲ್ಲೆ ಅಂಗಡಿಯವನ ಹತ್ತಿರ ಜೋಪಾನ ಇತ್ತು. ಅದನ್ನು ತಂದದ್ದಾಯಿತು. ಮುಂದಿನದು ಪವರ್ ಸಪ್ಲೈ, ಗೋಡೆಯ ಕರೆಂಟು ಒಳಗೆ ತಗೊಂಡು ಎಲ್ಲಕ್ಕೂ ಹಂಚುವ ಪೆಟ್ಟಿಗೆ. ಅಂಗಡಿಯವ ಕಬ್ಬಿಣದ ಇಟ್ಟಿಗೆಯಂಥದ್ದೊಂದು ತೋರಿಸಿದ, ಇನ್ನೊಂದು ತೋರಿಸಿದ.

"ಸಣ್ಣದು ಇಲ್ಲೇನ್ರಿ?"

"ಐತಿ. ಆದರ ಅದು..."

"ಅದನ್ನ ಕೊಡ್ರಿ. ಅದರಾಗ ಜೀವ ಇರತೈತಿ."

ತಂದ. ಅಂಗಿಯ ಒಳಗೆ ಇಟ್ಟುಕೊಂಡು, ಬಸ್ಸಿನಲ್ಲಿ ತೂಗುತ್ತ, "ಜೋ ಜೋ" ಅನ್ನುತ್ತ ತಂದ. ಪಕ್ಕದ ಸೀಟಿನ ಅಜ್ಜಿ ಎದ್ದು ಬೇರೆ ಕಡೆ ಕುಂತಳಂತೆ.

ದಾವಲಸಾಬ ಅದನ್ನು ಅಂಗೈಯಲ್ಲಿ ಇಟ್ಟು ತೂಗಿ ನೋಡಿದ. ಆಮೇಲೆ ಅಂದ, "ಆಟ ಆಡೂ ಯಂತ್ರ ಇದು, ಚಿತ್ರ ಓಡಸೂ ಯಂತ್ರ. ಇದಕ್ಕ ಈ ಜೀವ ಸಾಲೂದಿಲ್ಲೋ ಅಪ್ಪಾ. ಅರ್ಧಕ್ಕ ಉಸಿರು ಬಿಡ್ತೈತಿ. ಇಂಥಾದ್ದನ್ನ ಕೈಯಾಗ ಹಿಡದು ತೂಗಿ ನೋಡಬೇಕು. ಭಾರ ಇರಬೇಕು, ಭಾರ!"

"ಕೇಳಿದ್ಯೇನು? ಭಾರ!" ಅಂತ ತಾಯಿ ಚೀರಿದಳು. ಆದರೆ ಈ ಸಲ ಅವಳ ದನಿ ನಡುವೆಯೇ ಒಡೆಯಿತು. ಒಳಗೆ ಸುಗಲಾ ನವಿಲಿನ ಕೆಲಸ ಬಿಟ್ಟು ಬಂದು ಕುಂತಿದ್ದು ಅವಳಿಗೆ ಕಂಡಿತ್ತು.

"ಹೂಂ ಯವ್ವಾ, ಇನ್ನ ತಿಳೀತು."

ಅದನ್ನೂ ಬದಲಿಸಿದ್ದಾಯಿತು. ಉಳಿದದ್ದು ಗ್ರಾಫಿಕ್ಸ್ ಕಾರ್ಡು. ನವಿಲು ಓಡಬೇಕಾದರೆ ಅದೇ ಬೇಕು. ಇದ್ದ ಹಣವೆಲ್ಲ ಅದಕ್ಕೇ. ಇದು ತಪ್ಪಿದರೆ ಮುಗಿಯಿತು. ತಾಯಿ ಬಸ್ಸಿನ ತನಕ ಬಂದಳು, ಆದರೆ ಏನೂ ಹೇಳಿಕೊಡಲಿಲ್ಲ. ಹೇಳಲು ಹೆದರಿಕೆ.

ಮುದಕಪ್ಪ ಅಂಗಡಿಯಲ್ಲಿ ಒಂದೊಂದೇ ಕಾರ್ಡು ಎತ್ತಿ ತೂಗಿದ. ಕೈ ತೂಕ ನಂಬಲಿಲ್ಲ, ಹೊರಗೆ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಮಾರುವವನ ತಕ್ಕಡಿಗೆ ಒಯ್ದ. "ಯಾವುದು ಜಗ್ಗತೈತಿ ಹೇಳು ಕಾಕಾ" ಅಂದ. ಹೆಚ್ಚು ಜಗ್ಗಿದ್ದನ್ನು ತಂದ.

ದಾವಲಸಾಬ ಪೆಟ್ಟಿಗೆ ತೆರೆದ. ಕಣ್ಣು ಅಗಲ ಮಾಡಿದ. "ಯಾರು ಆರಿಸಿದರು ಇದನ್ನ?"

"ಉಳ್ಳಾಗಡ್ಡಿ ಕಾಕಾ."

"ಬರೋಬ್ಬರಿ ಐತಿ! ನಾನ ಹೋಗಿದ್ರೂ ಇದನ್ನ ತರ್ತಿದ್ದೆ!"

ಪಾರ್ವತೆವ್ವ ಮಗನ ತಲೆಯ ಮೇಲೆ ಕೈ ಇಟ್ಟಳು. ಕೈ ತೆಗೆಯಲಿಲ್ಲ. ಸುಗಲಾ ನಕ್ಕಳು. ಕಂಪ್ಯೂಟರ್ ಕೂಡಿತು. ಗುಂಡಿ ಒತ್ತಿದರು. ಪರದೆಯ ಮೇಲೆ ಖಣದ ನವಿಲು ಕತ್ತು ಎತ್ತಿತು, ರೆಕ್ಕೆ ಬಡಿಯಿತು, ನೂಲಿನ ಮೇಲೆ ಓಡಿತು. ನಿಲ್ಲಲಿಲ್ಲ. ಮುದಕಪ್ಪನೂ ಗುಂಡಿ ಒತ್ತಿ ಅದನ್ನು ಹಾರಿಸಿ ಆಡಿದ. ಆ ದಿನ ಆ ಮನೆಯಲ್ಲಿ ಹೋಳಿಗೆ ಮಾಡಿದ್ದರು.

ಅಲ್ಲಿಗೆ ನಿಲ್ಲಿಸಿದ್ದರೆ ಚಲೋ ಇತ್ತು. ಆದರೆ ದಾವಲಸಾಬ ಹೋಗುವಾಗ ಒಂದು ಮಾತು ಹೇಳಿ ಹೋದ. "ಬ್ಯಾಸಗಿ ಐತಿ. ಇದಕ್ಕ ಕಾವು ಏರ್ತೈತಿ. ಜ್ವರ ಬಂದ ಕೂಸಿನಂಗ ನೋಡ್ಕೋರಿ."

ಮರುದಿನ ಮಧ್ಯಾಹ್ನ ಸುಗಲಾ ನವಿಲಿನ ಉಳಿದ ಕೆಲಸ ಯಂತ್ರಕ್ಕೆ ಹಚ್ಚಿ ಉಣ್ಣಲು ಎದ್ದಳು. ಮುದಕಪ್ಪ ಡಬ್ಬಿಯ ಮೇಲೆ ಕೈ ಇಟ್ಟು ನೋಡಿದ. ಬಿಸಿ! ಅಡಿಗೆಮನೆಗೆ ಓಡಿದ. ಬಟ್ಟೆ ತೋಯಿಸಿದ. ಡಬ್ಬಿಯ ಹಣೆಗೆ ಹಾಕಿದ. ಕಾವು ಇಳಿಯಲಿಲ್ಲ. ಇನ್ನೊಂದು ಹಾಕಿದ. ಇಳಿಯಲಿಲ್ಲ. ಕೊಡದಿಂದ ಒಂದು ತಂಬಿಗೆ ತಣ್ಣೀರು ತಂದು ನೆತ್ತಿಯ ಮೇಲೆ ಸುರಿದ.

ಚಿಟ್ ಅಂತು. ಮನೆಯ ಕರೆಂಟೆಲ್ಲ ಹೋಯಿತು.

"ಯವ್ವಾ, ಜ್ವರ ಬಿಡ್ತು."

ದಾವಲಸಾಬ ಬರಿಗಾಲಲ್ಲಿ ಓಡಿ ಬಂದ. ಬಿಚ್ಚಿದ, ಒರೆಸಿದ. "ಪೂರಾ ಒಣಗೂತನಕ ಕರೆಂಟ್ ಕೊಡಬ್ಯಾಡ್ರಿ. ದೇವರಿದ್ದರ ಉಳೀತೈತಿ." ಮಾಳಿಗೆಯ ಮೇಲೆ ಸಂಡಿಗೆ ಹಾಕಿದ ಚಾಪೆ ಇತ್ತು. ಅದರ ಒಂದು ಬದಿಗೆ ಬೋರ್ಡು, ಕಾರ್ಡು, ಫ್ಯಾನು ಹರವಿದರು. ಪಾರ್ವತೆವ್ವ ಅವುಗಳ ಪಕ್ಕದಲ್ಲೇ ಸೆರಗು ತಲೆಗೆ ಹಾಕಿಕೊಂಡು ಕುಂತಳು. ಕಾಗೆ ಓಡಿಸಿದಳು. ಅಳಲಿಲ್ಲ. ಮಗನ ಕಡೆ ತಿರುಗಿ ಮೆಲ್ಲಗೆ ಅಂದಳು, "ಅದು ಎಮ್ಮಿ ಅಲ್ಲೋ ಮೈ ತೊಳಿಯಾಕ. ನನ್ನ ಒಂದು ಮಗ್ಗ ಅದು, ನಿನ್ನ ಅಕ್ಕನ ಬಾಳೇವು ಅದು. ಇನ್ನ ಮ್ಯಾಲೆ ಅದನ್ನ ಮನಿ ಹೆಣ್ಣಮಗಳಂಗ ನೋಡ್ಕೋ. ಹೆಣ್ಣಮಗಳಿಗೆ ಏನು ಮಾಡತೇವಿ, ಅದನ್ನ ಮಾಡು."

"ಹೂಂ ಯವ್ವಾ. ಇನ್ನ ತಿಳೀತು."

ಒಣಗಿತು. ಕೂಡಿಸಿದರು. ಉಳಿದಿತ್ತು! ಸುಗಲಾ ಬಸವ ಜಯಂತಿಯ ಮೆರವಣಿಗೆಗೂ ಹೋಗದೆ ಕುಂತಳು. ಮರುದಿನ ಬೆಳಿಗ್ಗೆ ಎದ್ದು ಮೈ ಮುರಿದು ಅಂದಳು, "ಯವ್ವಾ, ನವಿಲು ಮುಗೀತು."

ಇನ್ನು ಹುಬ್ಬಳ್ಳಿಗೆ ಮುಟ್ಟಿಸಬೇಕು. ಅದಕ್ಕೆ ಇಂಟರ್ನೆಟ್ಟು ಬೇಕು, ನೆಟ್ಟು ಇದ್ದದ್ದು ದಾವಲಸಾಬನ ಹತ್ತಿರ. ಅವನನ್ನು ಕರೆತರಲು ಸುಗಲಾ ಚಪ್ಪಲಿ ಮೆಟ್ಟಿಕೊಂಡಳು. ಅಷ್ಟರಲ್ಲಿ ಓಣಿಯ ಆ ತುದಿಯಲ್ಲಿ ವ್ಯಾನಿನ ಹಾರ್ನು ಕೇಳಿತು. ಅವಳು ಹೊಸ್ತಿಲಲ್ಲಿ ತಿರುಗಿ ನಿಂತು, ಪರದೆಯ ಮೇಲಿನ ನವಿಲಿನ ಕಡೆ ಕೈ ಮಾಡಿ ಜೋರಾಗಿ ಅಂದಳು, "ಮುದಕಪ್ಪಾ, ವ್ಯಾನಿನವರಿಗೆ ಹೇಳಿಬಿಡು. ಇವತ್ತು ಹುಬ್ಬಳ್ಳಿಗೆ ಹೋಗೂದು ಇದು, ನಾ ಅಲ್ಲ!" ಓಡಿದಳು.

ತಾಯಿಗೆ ದೇವರಿಗೆ ಕಾಯಿ ಒಡೆಸುವ ಅವಸರ. "ಪಾಪ, ನಾ ಅವರಿಗೆ ಮಾತು ಕೊಟ್ಟಿದ್ದೆ. ಬರೇ ಕೈಲೆ ತಿರುಗಿ ಕಳಸಬ್ಯಾಡ, ಚಹಾ ಕುಡಸು" ಅಂದು ಅವಳೂ ಹೋದಳು.

ಮುದಕಪ್ಪ ಕಂಪ್ಯೂಟರಿನ ಎದುರು ನಿಂತು ಯೋಚಿಸಿದ. ಇದು ಮನೆಯ ಹೆಣ್ಣುಮಗಳು. ಇವತ್ತು ಹುಬ್ಬಳ್ಳಿಗೆ ಹೋಗುತ್ತದೆ. ಮನೆಯ ಹೆಣ್ಣುಮಗಳು ಊರಿಗೆ ಹೊರಟರೆ ಏನು ಮಾಡುತ್ತೇವೆ? ಮಡಿಲಿಗೆ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬುತ್ತೇವೆ.

ಮಗ್ಗದ ಮೇಲಿದ್ದ ಹೊಸ ಖಣ ಕತ್ತರಿಸಿದ. ಡಬ್ಬಿಯ ಬದಿಯ ಬಾಗಿಲನ್ನು ಗಾಳಿಯಾಡಲಿ ಅಂತ ದಾವಲಸಾಬ ತೆರೆದೇ ಬಿಟ್ಟಿದ್ದ. ಒಳಗೆ ಬೊಗಸೆ ಬೊಗಸೆ ಅಕ್ಕಿ ಹಾಕಿದ. ಒಣ ಕೊಬ್ಬರಿ ಹಾಕಿದ. ಉತ್ತತ್ತಿ, ಅರಿಸಿನ ಕೊಂಬು, ಎಲೆ ಅಡಿಕೆ ಹಾಕಿದ. ಗ್ರಾಫಿಕ್ಸ್ ಕಾರ್ಡಿನ ಮೇಲೆ ಒಂದು ಬೆಲ್ಲದಚ್ಚು ಕೂಡಿಸಿದ. ಹಣೆಗೆ ಕುಂಕುಮ ಹಚ್ಚಿ, ಖಣ ಹೊದಿಸಿ, ಎರಡೂ ಕೈಯಿಂದ ಎತ್ತಿಕೊಂಡು ಹೊರಗೆ ಬಂದ.

ಡ್ರೈವರ್ ಚಹಾ ಕುಡಿಯುತ್ತ ಕೇಳಿದ, "ಹುಡಿಗಿ ಎಲ್ಲಿ?"

"ಹೋಗೂದು ಇದು. ಆಕಿ ಅಲ್ಲ."

"ಸಾಮಾನು ಮುಂದ ಕಳಸ್ತೀರೇನು? ಆಕಿ ಹಿಂದಿಂದ ಬರ್ತಾಳ?"

"ಬರ್ತಾಳ, ದಾವಲಸಾಬ ಕಾಕಾನ್ನ ಕರಕೊಂಡು."

"ಆತು, ಇಡು."

ಸುಗಲಾಗೆ ಬಿಟ್ಟಿದ್ದ ಕಿಟಕಿಯ ಸೀಟಿನಲ್ಲಿ ಕೂಡಿಸಿದ. ದಾರಿಗೆ ಅಂತ ಎರಡು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಪಕ್ಕದಲ್ಲಿ ಇಟ್ಟ. "ಮುಟ್ಟಿದ ಮ್ಯಾಲೆ ಫೋನ್ ಮಾಡು" ಅಂದ. ಕಣ್ಣು ಒರೆಸಿಕೊಂಡ. ವ್ಯಾನು ಹೊರಟಿತು.

ತಾಯಿ ಬಂದಳು, ಕೈಯಲ್ಲಿ ಒಡೆಸಿದ ಕಾಯಿ. ಸುಗಲಾ ಬಂದಳು, ಹಿಂದೆ ದಾವಲಸಾಬ.

"ಎಲ್ಲೈತೋ?"

"ಯವ್ವಾ, ಹೆಣ್ಣಮಗಳಿಗೆ ಮಾಡೂದೆಲ್ಲಾ ಮಾಡೇನಿ. ಉಡಿ ತುಂಬಿ ಕಳಿಸೇನಿ."

ಪಾರ್ವತೆವ್ವ ಹೊಸ್ತಿಲ ಮೇಲೆ ಕುಂತಳು.

ವ್ಯಾನು ಹುಬ್ಬಳ್ಳಿ ಮುಟ್ಟಿತು. ಹೊಲಿಗೆ ಯಂತ್ರ ಬಿಟ್ಟು ಹೆಣ್ಣುಮಕ್ಕಳೆಲ್ಲ ಸುತ್ತ ನೆರೆದರು. ಗುಳೇದಗುಡ್ಡದ ಖಣ, ಉಡಿಯ ತುಂಬ ಅಕ್ಕಿ! ಅವರಲ್ಲಿ ಹಿರಿಯಾಕಿ ಅಂದಳು, "ಉಡಿ ತುಂಬಿಸಿಕೊಂಡು ಬಂದ ಮಗಳನ್ನ ಹಿಂಗ ಮೂಲ್ಯಾಗ ಇಡತೀರೇನ್ರೇ?" ಒಂದೊಂದೇ ಅಕ್ಕಿಕಾಳು ಹೆಕ್ಕಿ ತೆಗೆದರು. ಬೆಲ್ಲ ಒರೆಸಿದರು. ಸುಗಲಾಳ ನವಿಲಿನ ಸುದ್ದಿ ವ್ಯಾನಿನಲ್ಲಿ ಬಂದ ಓಣಿಯ ಹುಡುಗಿಯರಿಗೆ ಗೊತ್ತಿತ್ತು; ಆಟದ ಕಂಪನಿ ಎಲ್ಲಿ ಅಂತ ಕೇಳಿಕೊಂಡು ನಡೆಸಿಕೊಂಡು ಹೋದರು. ಗುಂಡಿ ಒತ್ತಿದರು. ನವಿಲು ಓಡಿತು, ಹಾರಿತು, ಕಂಪನಿಯವರು ಎದ್ದು ನಿಂತರು. ಸಂಜೆ ಅದೇ ವ್ಯಾನು ಅದೇ ಕಿಟಕಿಯ ಸೀಟಿನಲ್ಲಿ ಅದನ್ನು ಕೂಡಿಸಿಕೊಂಡು ತಿರುಗಿ ಬಂತು. ಪಕ್ಕದಲ್ಲಿ ಇನ್ನೊಂದು ಉಡಿ, ಸುಗಲಾಗೆ ಕೆಲಸ ಕೊಟ್ಟ ಸುದ್ದಿ. ಪಾರ್ವತೆವ್ವ ಹೊಸ್ತಿಲಿಂದ ಎದ್ದಳು. ಒಲೆ ಹಚ್ಚಿದಳು.

ಹುಬ್ಬಳ್ಳಿ ಮುಟ್ಟಿದಲ್ಲಿಂದ ಮುಂದಿನದೆಲ್ಲ ನಾನು ಕಟ್ಟಿದ್ದು. ವ್ಯಾನು ಹೋಯಿತು ಅಂತ ಅಲ್ಲೇ ಕತೆ ಬಿಟ್ಟರೆ ಪಾರ್ವತೆವ್ವ ಹೊಸ್ತಿಲ ಮೇಲೆ ಕುಂತೇ ಇರುತ್ತಾಳಲ್ರಿ. ಯಾರಾದರೂ ಅವಳನ್ನು ಎಬ್ಬಿಸಬೇಕಿತ್ತು.