ತೆಳ್ಳನೆಯ ಕೇಪು

ಕೇಪು ಎಂದರೆ ತೋಟಾದ ಬುಡದ ಗುಳಿಯಲ್ಲಿ ಕೂರುವ ಪುಟ್ಟ ಲೋಹದ ಬಟ್ಟಲು. ಕೋವಿಯೊಳಗಿನ ಸೂಜಿ ಬಡಿದಾಗ ಮದ್ದಿಗೆ ಕಿಡಿ ಕೊಡುವುದು ಅದರ ಕೆಲಸ. ಖಾಲಿ ತೋಟಾಗಳಿಗೆ ಮನೆಯಲ್ಲೇ ಮತ್ತೆ ಕೇಪು, ಮದ್ದು ತುಂಬುತ್ತಿದ್ದ ಚಂಗಪ್ಪನವರ ಮೇಜಿನ ಮೇಲೆ ಒಂದು ಪಿಸ್ತೂಲಿನ ಕೇಪು ರೈಫಲ್ ಕೇಪುಗಳ ನಡುವೆ ಉರುಳಿಬಿದ್ದಿತ್ತು. ನೋಡಲು ಎಲ್ಲವೂ ಒಂದೇ ಅಳತೆ, ಇದರ ತಗಡು ಮಾತ್ರ ತೆಳ್ಳಗೆ. ಚಂಗಪ್ಪನವರು ಅದನ್ನೇ ಎತ್ತಿ ರೈಫಲಿನ ಹಳೆಯ ಹಿತ್ತಾಳೆ ತೋಟಾಕ್ಕೆ ಒತ್ತತೊಡಗಿದರು.

"ರೈಫಲಿನವನೇ ತಾನೇ?" ಎಂದು ತೋಟಾ ಕೇಳಿತು. "ಅಲ್ಲದಿದ್ದರೆ ಈಗಲೇ ಹೇಳು ಮಗು. ನೀನು ಒಳಗೆ ಕೂರದಂತೆ ಗುಳಿ ಬಿಗಿ ಹಿಡಿಯುತ್ತೇನೆ, ಯಜಮಾನರು ನಿನ್ನನ್ನು ಪಕ್ಕಕ್ಕಿಡುತ್ತಾರೆ."

ಎಲ್ಲರೆದುರು ಪಕ್ಕಕ್ಕೆ ಕೂರುವುದೆಂದರೆ ಕೇಪಿಗೆ ಅವಮಾನ.

"ಸರಿಯಾಗಿ ಕೂರುತ್ತಿದ್ದೇನಲ್ಲ ಅಜ್ಜ, ಇನ್ನು ಜಾತಕವೂ ಬೇಕೇ?"

"ಕೂರುವುದಲ್ಲ, ಮದ್ದಿನ ಒತ್ತಡ ತಡೆಯುವುದು ಮುಖ್ಯ."

"ತಡೆಯುತ್ತೇನೆ ಬಿಡಿ."

ಮರುದಿನ ಚಂಗಪ್ಪನವರು ಮದ್ದು ತುಂಬಿದ ಆ ತೋಟಾವನ್ನು ರೈಫಲಿಗೆ ಹಾಕಿ, ಗುರಿಯಿಟ್ಟು ಅದರ ಕುದುರೆ ಎಳೆದರು. ರೈಫಲಿನ ಮದ್ದಿನ ಒತ್ತಡವನ್ನು ತೆಳ್ಳನೆಯ ತಗಡು ತಾಳಲಿಲ್ಲ. ಕೇಪಿನ ನಡುವೆ ತೂತು ಬಿದ್ದು, ಬಿಸಿ ಹೊಗೆ ಹಿಂದಕ್ಕೆ ನುಗ್ಗಿ ಅವರ ಕೆನ್ನೆ ಸುಟ್ಟಿತು. ಕನ್ನಡಕವಿದ್ದುದರಿಂದ ಕಣ್ಣು ಉಳಿಯಿತು.

ತೋಟಾವನ್ನು ಗುಜರಿ ಡಬ್ಬಿಗೆ ಹಾಕಿದರು. ಕೇಪು ಇನ್ನೂ ಅದರ ಗುಳಿಯಲ್ಲೇ ಇತ್ತು.

"ನಿನಗೆ ತುಂಬಾ ನೋವಾಯಿತೇ, ಮಗು?" ಎಂದಿತು ತೋಟಾ.

ಬೈದಿದ್ದರೆ ಕೇಪು ಹೇಗೋ ಸಹಿಸುತ್ತಿತ್ತು. ಮುಖ ಮರೆಸೋಣವೆಂದರೆ ಮುಖದಲ್ಲೇ ತೂತು.

"ಅಜ್ಜ, ನಾನು ಪಿಸ್ತೂಲಿನವನು."

"ಆಗ ಕೇಳಿದ್ದು ಇದನ್ನೇ," ಎಂದು ತೋಟಾ ಮೆಲ್ಲಗೆ ಹೇಳಿತು.